ಚಿನ್ನ ಸರಿ, ಧೂಪ ಸರಿ, ರಕ್ತಬೋಳ ಏಕೆ?

ಡಿಸೆಂಬರ್ 25 ಕಳೆದರೆ ಕ್ರಿಸ್‌ಮಸ್ ಮುಗಿಯಿತು ಎಂದು ನಮ್ಮ ಬಹಳ ಮಂದಿ ಸ್ನೇಹಿತರು ತಿಳಿದಿದ್ದಾರೆ. ಆದರೆ ಚರ್ಚಿನ ಗೋದಲಿಯನ್ನು ಅಷ್ಟು ಬೇಗ ಬಿಚ್ಚುವುದಿಲ್ಲ. ಅಲ್ಲಿಗೆ ಇನ್ನೂ ಬರಬೇಕಾದವರಿದ್ದಾರೆ, ಒಂಟೆಯೊಂದಿಗೆ ಮೂವರು ರಾಜರು. ಜನವರಿ 6ರ ಹಬ್ಬವನ್ನು ಕರಾವಳಿಯ ನಾವು ಮೂವರು ರಾಜರ ಹಬ್ಬ ಎನ್ನುತ್ತೇವೆ. ಚರ್ಚಿನ ಹೆಸರು ಎಪಿಫನಿ. ಗ್ರೀಕ್ ಮಾತು, ಪ್ರಕಟವಾಗುವುದು, ತೋರಿಕೊಳ್ಳುವುದು ಎಂದರ್ಥ. ಹಾಗೆ ನೋಡಿದರೆ ಹಬ್ಬ ರಾಜರದ್ದಲ್ಲ, ಅವರಿಗೆ ಕಾಣಿಸಿಕೊಂಡ ಮಗುವಿನದು. ಆ ಮಗು ಯಾರು?

ಗಲ್ಫಿನಲ್ಲಿರುವ ನಮಗೆ ಈ ಪ್ರಶ್ನೆ ಊಟದ ಹೊತ್ತಿನಲ್ಲಿ ಎದುರಾಗುತ್ತದೆ. ಮುಸ್ಲಿಂ ಸಹೋದ್ಯೋಗಿಗಳಿಗೆ ಈಸಾ ಗೌರವದ ಪ್ರವಾದಿ. ಪ್ರವಾದಿಯನ್ನು ದೇವರು ಎನ್ನುವುದು ಹೇಗೆ ಎಂದು ಅವರು ಪ್ರೀತಿಯಿಂದಲೇ ಕೇಳುತ್ತಾರೆ. ಹಿಂದೂ ಗೆಳೆಯರದು ಇನ್ನೊಂದು ಮಾತು: "ಅವತಾರ ಅಂದರೆ ಮುಗಿಯಿತಲ್ಲ ಮಾರಾಯ್ರೆ!" ನಾನು ಪಾದ್ರಿಯಲ್ಲ, ಆಸ್ಪತ್ರೆಯಲ್ಲಿ ಔಷಧಿ ಕೊಡುವವನು. ಹಾಗಾಗಿ ಆ ರಾಜರ ಗಂಟಿನಲ್ಲಿದ್ದ ಸಾಮಾನಿನಿಂದಲೇ ಶುರು ಮಾಡುತ್ತೇನೆ.

ಮತ್ತಾಯನ ಶುಭಸಂದೇಶದಲ್ಲಿ ಅವರು ರಾಜರು ಎಂದೂ ಇಲ್ಲ, ಮೂವರು ಎಂದೂ ಇಲ್ಲ. ಮೂಡಣದಿಂದ ಬಂದ ಜೋಯಿಸರು, ಅಷ್ಟೆ. ಮೂರು ಎಂದಿರುವುದು ಕಾಣಿಕೆ: ಚಿನ್ನ, ಧೂಪ, ರಕ್ತಬೋಳ. ಅವರು ಯೆಹೂದ್ಯರಲ್ಲ, ಪರದೇಶದವರು. ಯೇಸುವನ್ನು ಹುಡುಕಿಕೊಂಡು ಬಂದು ಅಡ್ಡಬಿದ್ದ ಮೊದಲ ಪರದೇಶಿಗಳು ಇವರೇ. ಮಗು ಒಂದೇ ಜನಾಂಗದ ಸ್ವತ್ತಲ್ಲ ಎಂಬುದು ಎಪಿಫನಿಯ ಮೊದಲ ಮಾತು.

ಅಂದಿನ ಬಲಿಪೂಜೆಯಲ್ಲಿ ಯೆಶಾಯ ಪ್ರವಾದಿಯ 60ನೇ ಅಧ್ಯಾಯ ಓದುತ್ತಾರೆ. ಶೆಬದಿಂದ ಒಂಟೆಗಳು ಚಿನ್ನವನ್ನೂ ಧೂಪವನ್ನೂ ಹೊತ್ತು ಬರುತ್ತವೆ ಎಂದು ಅಲ್ಲಿದೆ. ಗಮನವಿಟ್ಟು ಕೇಳಿ, ರಕ್ತಬೋಳದ ಹೆಸರೇ ಇಲ್ಲ! ಮತ್ತಾಯನಲ್ಲಿ ಮಾತ್ರ ಈ ಮೂರನೆಯದು ಬಂದು ಸೇರಿದೆ.

ಚಿನ್ನ ರಾಜನಿಗೆ. ಧೂಪ ದೇವರಿಗೆ. ಆ ಧೂಪ ನಮಗೆ ಹೊಸತಲ್ಲ. ಒಮಾನಿನವರು ಲುಬಾನ್ ಎನ್ನುವುದು ಅದನ್ನೇ. ಧೋಫಾರಿನ ಗುಡ್ಡಗಳಲ್ಲಿ ಬೋಸ್ವೆಲಿಯಾ ಮರದ ತೊಗಟೆ ಕೆತ್ತಿ, ಒಸರಿದ ಹಾಲು ಗಟ್ಟಿಯಾದ ಮೇಲೆ ಕೆರೆದು ತೆಗೆಯುತ್ತಾರೆ. ಸಲಾಲಾ ಕಡೆಯ ಆ ನೆಲ, ಹಳೆಯ ಬಂದರುಗಳ ಸಮೇತ, 2000ದಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಮಸ್ಕತ್ತಿನ ಮತ್ರಾ ಸೂಕ್‌ಗೆ ಹೋದವರ ಬಟ್ಟೆಗೆ ಅದರ ವಾಸನೆ ಹತ್ತಿಯೇ ಇರುತ್ತದೆ.

ರಕ್ತಬೋಳವೂ ಮರದ ಅಂಟೇ. ಕಮ್ಮಿಫೋರಾ ಎಂಬ ಮುಳ್ಳುಗಿಡದ್ದು. ಸೊಮಾಲಿಯಾ, ಇಥಿಯೋಪಿಯಾ, ಯೆಮನ್ ಕಡೆ ಬೆಳೆಯುತ್ತದೆ. ಅರಬ್ಬಿಯಲ್ಲಿ ಮುರ್ರ್, ಅಂದರೆ ಕಹಿ. (ಊರಿನ ಗ್ರಂಧಿಗೆ ಅಂಗಡಿಯಲ್ಲಿ ಬರೀ ಬೋಳ ಎಂದು ಕೇಳಿದರೆ ಬೇರೆಯೇ ಸಾಮಾನು ಸಿಕ್ಕೀತು, ಜಾಗ್ರತೆ.) ಡಿಪ್ಲೊಮಾದಲ್ಲಿ ನಾವು ಇದನ್ನು ನಂಜುನಿರೋಧಕಗಳ ಪಾಠದಲ್ಲಿ ಓದಿದ್ದು, ಬೇವು, ಅರಿಶಿನದ ಜೊತೆ. ಬಾಯಿಹುಣ್ಣಿಗೆ ಅದರ ಟಿಂಚರ್ ಬಳಸುತ್ತಿದ್ದರು. ಹಿಂದಿನ ಕಾಲದಲ್ಲಿ ಇನ್ನೊಂದು ಉಪಯೋಗವಿತ್ತು: ಶವಸಂಸ್ಕಾರ. ಈಜಿಪ್ಟಿನವರು ಹೆಣ ಕೆಡದಂತೆ ಇಡಲು ಇದನ್ನು ತುಂಬುತ್ತಿದ್ದರು.

ನಮ್ಮಲ್ಲಿ ಯಾರಾದರೂ ಇಲ್ಲಿ ತೀರಿಕೊಂಡರೆ, ಪೆಟ್ಟಿಗೆ ವಿಮಾನ ಹತ್ತುವ ಮೊದಲು ಎಂಬಾಮಿಂಗ್ ಆಗಬೇಕು, ಅದರ ಸರ್ಟಿಫಿಕೇಟ್ ಬೇಕು. ಆ ಕಾಗದಗಳಿಗಾಗಿ ಓಡಾಡಿದವರು ಈ ಓದುಗರಲ್ಲೇ ಇದ್ದೀರಿ. ಅಂಥ ಸಾಮಾನನ್ನು ತಾಯಿಯ ಮಡಿಲಿನ ಕೂಸಿಗೆ ಯಾರಾದರೂ ಉಡುಗೊರೆ ಕೊಡುತ್ತಾರೆಯೇ?

ಎರಡನೇ ಶತಮಾನದ ಕೊನೆಯಲ್ಲಿ ಲಿಯೋನ್ ನಗರದ ಧರ್ಮಾಧ್ಯಕ್ಷ ಇರೆನೇಯುಸ್ ಇದಕ್ಕೆ ಅರ್ಥ ಹೇಳಿದರು: ಅವನು ರಾಜ, ಅದಕ್ಕೆ ಚಿನ್ನ, ದೇವರು, ಅದಕ್ಕೆ ಧೂಪ, ಸಾಯಲಿರುವವನು, ಅದಕ್ಕೆ ರಕ್ತಬೋಳ. ಕ್ರೈಸ್ತ ನಂಬಿಕೆಯ ಗಂಟು ಈ ಮೂರನೆಯದರಲ್ಲೇ ಇದೆ. ದೇವರು ಮನುಷ್ಯನ ವೇಷ ಹಾಕಿದ್ದಷ್ಟೆ, ಆ ದೇಹ ಬರೀ ತೋರಿಕೆ, ನೋವು ಅವನಿಗೆ ತಟ್ಟಲಿಲ್ಲ ಎಂದವರು ಆಗಲೇ ಇದ್ದರು. ಚರ್ಚು ಅವರನ್ನು ಒಪ್ಪಲಿಲ್ಲ. ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರಲ್ಲಿ ಕಾಲ್ಸೆಡನ್ ಸಭೆ ಬರೆದಿಟ್ಟಿತು. ಹಸಿವು, ಬೆವರು, ಸಾವು ಎಲ್ಲ ನಿಜವೇ. ಅವತಾರ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ನಮ್ಮ ನಂಬಿಕೆಯಲ್ಲಿ ಅದು ಒಂದೇ ಸಲ, ಮತ್ತೆ ಮತ್ತೆ ಅಲ್ಲ. ಮುಸ್ಲಿಂ ಗೆಳೆಯರು ಇದನ್ನು ಒಪ್ಪಲಾರರು, ಒಪ್ಪಬೇಕೆಂದು ನಾನು ವಾದಿಸುವುದೂ ಇಲ್ಲ. ನಾವು ಹೇಳುವುದು ಏನೆಂದು ಸರಿಯಾಗಿ ತಿಳಿದರೆ ಸಾಕು, ಚಹಾ ತಣ್ಣಗಾಗುವ ಮೊದಲು ಮಾತು ಮುಗಿಯುತ್ತದೆ.

ನಮ್ಮ ಮಲಯಾಳಿ ಆರ್ಥಡಾಕ್ಸ್ ನರ್ಸ್‌ಗಳಿಗೆ ಜನವರಿ 6 ಎಂದರೆ ಯೊರ್ದಾನ್ ನದಿಯಲ್ಲಿ ಯೇಸುವಿನ ದೀಕ್ಷಾಸ್ನಾನ. ಪ್ರಕಟವಾಗುವುದು ಅಲ್ಲಿಯೂ ಅದೇ. ಆಕಾಶದಿಂದ ಬಂದ ದನಿ ಅವನನ್ನು ಮಗನೆಂದು ಕರೆಯಿತು.

ರಕ್ತಬೋಳ ಮುಂದೆ ಎರಡು ಸಲ ಬರುತ್ತದೆ. ಶಿಲುಬೆಗೇರಿಸುವಾಗ ಅದನ್ನು ಬೆರೆಸಿದ ದ್ರಾಕ್ಷಾರಸವನ್ನು ಕೊಡಲು ಬಂದರು ಎಂದು ಮಾರ್ಕ ಬರೆಯುತ್ತಾನೆ. ನೋವು ಮಂದವಾಗಲಿ ಎಂದಿರಬೇಕು. ಯೇಸು ಬೇಡವೆಂದರು. ನೋವಿನ ಔಷಧಿಯನ್ನು ದಿನವೂ ಎಣಿಸಿ ಕೊಡುವ ನನಗೆ ಈ ಸಾಲು ಪ್ರತಿ ವರ್ಷ ಚುಚ್ಚುತ್ತದೆ. ಆಮೇಲೆ ಸಮಾಧಿಗೆ ನಿಕೊದೇಮನು ರಕ್ತಬೋಳ, ಅಗರು ಬೆರೆಸಿ ತಂದದ್ದನ್ನು ಯೊವಾನ್ನ ತೂಕದ ಸಮೇತ ಬರೆದಿದ್ದಾನೆ: ನೂರು ರೋಮನ್ ಪೌಂಡ್, ಈಗಿನ ಲೆಕ್ಕದಲ್ಲಿ ಸುಮಾರು 33 ಕಿಲೊ. ಜೋಯಿಸರ ಗಂಟಿನಲ್ಲಿ ಎಷ್ಟಿತ್ತೋ, ಮತ್ತಾಯ ಬರೆದಿಲ್ಲ.