ಒಂದೇ ತಾರೀಖು, ಎರಡು ಹಬ್ಬ

2024ರ ನವೆಂಬರ್ 1ರಂದು ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬಂದವರು ಒಟ್ಟು ಹನ್ನೊಂದು ಜನ. ಅವರಲ್ಲಿ ಐವರು ಸಂಘದ ಪದಾಧಿಕಾರಿಗಳು, ಒಬ್ಬ ಚಹಾ ತಂದ ಹುಡುಗ. ಭಾಷಣಕ್ಕೆ ನಿಂತ ಕಾರ್ಯದರ್ಶಿಗಳು, ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ ಅಭಿಮಾನವೇ ಇಲ್ಲ ಅಂತ ಬಂದವರನ್ನೇ ಬೈದರು. ಖಜಾಂಚಿಯಾದ ನಾನು ಹಿಂದಿನ ಬೆಂಚಿನಲ್ಲಿ ಕೂತು, ಮಿಕ್ಕ ಬಟಾಟೆ ವಡೆಗಳನ್ನು ಯಾವ ಖಾತೆಗೆ ಹಾಕುವುದು ಎಂದು ಯೋಚಿಸುತ್ತಿದ್ದೆ.

ನಿಜ ಹೇಳಬೇಕೆಂದರೆ ಅಭಿಮಾನದ ತಪ್ಪೇನೂ ಇರಲಿಲ್ಲ. ಆ ದಿನ ಮುಂಬಯಿಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ. ಅಂಗಡಿ ಇದ್ದವರ ಮನೆಯಲ್ಲಿ ಪೂಜೆ, ಹೋಟೆಲಿನವರ ಮಕ್ಕಳು ಗಲ್ಲಾದ ಮೇಲೆ. ಷೇರು ಪೇಟೆಯ ಮುಹೂರ್ತದ ವ್ಯಾಪಾರ ಕೂಡ ಅಂದೇ ಸಂಜೆ. ಎರಡು ಹಬ್ಬ ಒಂದೇ ತಾರೀಖಿಗೆ ಬಂದಿದ್ದವು, ನಾವು ಕ್ಯಾಲೆಂಡರ್ ನೋಡಿರಲಿಲ್ಲ, ಅಷ್ಟೇ.

ಹಬ್ಬಗಳು ಹೀಗೆ ಒಂದರ ಮೇಲೊಂದು ಬರುವುದು ಏಕೆ? ನಾನು ಜ್ಯೋತಿಷಿ ಅಲ್ಲ, ಹತ್ತನೆಯ ತರಗತಿವರೆಗೆ ಮುಂಬಯಿಯ ಕನ್ನಡ ಶಾಲೆಯಲ್ಲಿ ಓದಿ ಈಗ ವಾಣಿಜ್ಯ ಶಾಖೆಯಲ್ಲಿರುವವನು. ಆದರೆ ಪಂಚಾಂಗ ನೋಡುತ್ತಾ ಹೋದಂತೆ ಇದೂ ಜಮಾ-ಖರ್ಚಿನ ಲೆಕ್ಕವೇ ಎಂದು ಗೊತ್ತಾಯಿತು. ನನಗೆ ತಿಳಿದ ಮಟ್ಟಿಗೆ ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮ ರಜೆಯ ಪಟ್ಟಿಯಲ್ಲಿ ಮೂರು ಬಗೆಯ ಲೆಕ್ಕಗಳು ಬೆರೆತಿವೆ. ಮೊದಲನೆಯದು ಸೂರ್ಯನ ಲೆಕ್ಕ. ಜನವರಿ-ಫೆಬ್ರವರಿಯ ಕ್ಯಾಲೆಂಡರ್ ಇದೇ ಜಾತಿಯದು. 1956ರಲ್ಲಿ ರಾಜ್ಯ ಉದಯವಾದ ನವೆಂಬರ್ 1, ಅಂಬೇಡ್ಕರ್ ಹುಟ್ಟಿದ ಏಪ್ರಿಲ್ 14, ಇವು ಅಲ್ಲಾಡುವುದಿಲ್ಲ. ಸಂಕ್ರಾಂತಿ, ತುಳುವರ ಬಿಸು ಕೂಡ ಸೂರ್ಯನ ಹಬ್ಬಗಳೇ. ಆದ್ದರಿಂದಲೇ ಬಿಸುವೂ ಅಂಬೇಡ್ಕರ್ ಜಯಂತಿಯೂ ಪ್ರತಿ ವರ್ಷ ಒಂದೇ ದಿನ, ಅಥವಾ ಒಂದು ದಿನದ ಅಂತರದಲ್ಲಿ, ಸಿಗುತ್ತವೆ.

ಎರಡನೆಯದು ಚಂದ್ರನ ಲೆಕ್ಕ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು 29½ ದಿನ. ಹನ್ನೆರಡು ತಿಂಗಳಿಗೆ 354 ದಿನ ಚಿಲ್ಲರೆ. ಸೂರ್ಯನ ವರ್ಷಕ್ಕೆ 365 ದಿನ ಚಿಲ್ಲರೆ. ಅಂದರೆ ವರ್ಷಕ್ಕೆ ಸುಮಾರು 11 ದಿನ ಕೊರತೆ. ಮುಸ್ಲಿಮರ ಹಿಜರಿ ಪಂಚಾಂಗ ಈ ಕೊರತೆಯನ್ನು ತುಂಬುವುದಿಲ್ಲ. ತಿಂಗಳು ಸೇರಿಸುವುದಕ್ಕೆ ಕುರಾನಿನಲ್ಲೇ ನಿಷೇಧವಿದೆ. ಹಾಗಾಗಿ ರಂಜಾನ್, ಮೊಹರಂ, ಈದ್-ಎ-ಮಿಲಾದ್ ಎಲ್ಲವೂ ವರ್ಷ ವರ್ಷ 10-11 ದಿನ ಹಿಂದೆ ಸರಿಯುತ್ತಾ, ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ.

ಮೂರನೆಯದು ಇವೆರಡರ ರಾಜಿ, ಅಂದರೆ ನಮ್ಮ ಯುಗಾದಿ, ಗಣೇಶ ಚೌತಿ, ದಸರಾ, ದೀಪಾವಳಿಯ ಲೆಕ್ಕ. ತಿಂಗಳು ಚಂದ್ರನದು, ಆದರೆ ವರ್ಷ ಸೂರ್ಯನಿಂದ ಬಹಳ ದೂರ ಹೋಗಬಾರದು. ಇಲ್ಲೂ ವರ್ಷಕ್ಕೆ 11 ದಿನದ ಸಾಲ ಬೆಳೆಯುತ್ತದೆ. ಆದರೆ ಮೂರು ವರ್ಷ ಆಗುವಷ್ಟರಲ್ಲಿ ಅದು ಒಂದು ತಿಂಗಳಾಗಿರುತ್ತದೆ. ಆಗ ಯಾವ ಚಾಂದ್ರ ತಿಂಗಳಲ್ಲಿ ಸೂರ್ಯನ ಸಂಕ್ರಮಣ ಬೀಳುವುದಿಲ್ಲವೋ ಅದನ್ನು ಅಧಿಕ ಮಾಸ ಎಂದು ಸೇರಿಸಿ ಸಾಲ ತೀರಿಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಹೊಂದಾಣಿಕೆಯ ನಮೂದು. ಸರಾಸರಿ 32½ ತಿಂಗಳಿಗೊಮ್ಮೆ, 19 ವರ್ಷಕ್ಕೆ 7 ಸಲ. ಅಧಿಕ ಮಾಸದಲ್ಲಿ ಅಳಿಯನಿಗೆ 33 ಅನಾರಸೆ ಕೊಡುವ ಪದ್ಧತಿ ನಮ್ಮ ಚಾಳಿನ ಮರಾಠಿ ಮನೆಗಳಲ್ಲಿದೆ. ನೆರೆಮನೆಯವರಾದ ನಮಗೆ ಅದರಲ್ಲಿ ಎರಡೋ ಮೂರೋ ಸಿಗುತ್ತವೆ.

ಈ 19 ವರ್ಷದ ಲೆಕ್ಕ ಸ್ವಾರಸ್ಯದ್ದು. 19 ಸೌರ ವರ್ಷಗಳೂ 235 ಚಾಂದ್ರ ತಿಂಗಳುಗಳೂ ಹೆಚ್ಚು ಕಡಿಮೆ ಸಮ. ಆದ್ದರಿಂದ ಒಂದು ಹಬ್ಬ ಈ ವರ್ಷ ಬಂದ ತಾರೀಖಿಗೇ 19 ವರ್ಷದ ಮೇಲೆ ತಿರುಗಿ ಬರುವುದುಂಟು, ಒಂದು ದಿನ ಆಚೀಚೆ ಆಗಬಹುದು. 2024ರಿಂದ 19 ವರ್ಷ ಹಿಂದಕ್ಕೆ ಎಣಿಸಿ ನೋಡಿದೆ. ನಾನು ಹುಟ್ಟಿದ 2005ರಲ್ಲೂ ದೀಪಾವಳಿಯ ಲಕ್ಷ್ಮೀಪೂಜೆ ನವೆಂಬರ್ 1ಕ್ಕೇ ಇತ್ತು! ಆಗಿನ ಸಂಘದವರ ವಡೆಗಳ ಗತಿ ಏನಾಗಿತ್ತೋ.

ಅದಿರಲಿ. ರಾಜ್ಯೋತ್ಸವಕ್ಕೆ ಜನ ಕಡಿಮೆಯಾದರೆ ನಾಲ್ಕು ವಡೆ ಮಿಗುತ್ತದೆ, ಅಷ್ಟೇ. ಆದರೆ 2023ರಲ್ಲಿ ಎರಡು ಹಬ್ಬ ಒಂದೇ ತಾರೀಖಿಗೆ ಬಂದಾಗ ನಮ್ಮ ಮನೆಯಲ್ಲಿ ಎರಡು ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ.

ನಮ್ಮಪ್ಪನದು ಒಂದು ಟೆಂಪೊ. ವಿಜಾಪುರದ ಕಡೆಯಿಂದ ಬಂದು ಹತ್ತು ವರ್ಷ ಬೇರೆಯವರ ಗಾಡಿ ಓಡಿಸಿ, ಆಮೇಲೆ ಸಾಲ ಮಾಡಿ ತಗೊಂಡದ್ದು. ಅನಂತ ಚತುರ್ದಶಿಯಂದು ಒಂದು ಚಿಕ್ಕ ಮಂಡಳದ ಗಣಪತಿಯನ್ನು ವಿಸರ್ಜನೆಗೆ ಒಯ್ಯುವುದು ವರ್ಷದ ಖಾಯಂ ಬಾಡಿಗೆ. ಈದ್-ಎ-ಮಿಲಾದಿನ ಮೆರವಣಿಗೆಗೆ ನಮ್ಮ ಚಾಳಿನ ದರ್ಜಿ ಚಾಚಾ ಅದೇ ಗಾಡಿಗೆ ಹಸಿರು ಪತಾಕೆ ಕಟ್ಟಿಸುತ್ತಾರೆ. ಚಾಚಾ ಕಲಬುರ್ಗಿಯವರು, ಅಪ್ಪನ ಜೊತೆ ಕನ್ನಡದಲ್ಲೇ ಮಾತು. ಆ ವರ್ಷ ಅಪ್ಪ ಇಬ್ಬರ ಹತ್ತಿರವೂ ಮುಂಗಡ ತಗೊಂಡಿದ್ದ. ತಾರೀಖು ಕೇಳಿರಲಿಲ್ಲ, ಹಬ್ಬದ ಹೆಸರು ಮಾತ್ರ ಹೇಳಿ ಮಾತಾಗಿತ್ತು. ಹಿಂದಿನ ವರ್ಷ ಎರಡರ ನಡುವೆ ಒಂದು ತಿಂಗಳ ಅಂತರ ಇತ್ತಲ್ಲ!

ಆ ಅಂತರ ಎಲ್ಲಿ ಹೋಯಿತು ಎಂಬುದನ್ನು ಈ ಪಟ್ಟಿಯಲ್ಲಿ ನೋಡಿ:

2022: ಅನಂತ ಚತುರ್ದಶಿ ಸೆಪ್ಟೆಂಬರ್ 9, ಈದ್-ಎ-ಮಿಲಾದ್ ಅಕ್ಟೋಬರ್ 9.
2023: ಎರಡೂ ಸೆಪ್ಟೆಂಬರ್ 28.
2024: ಅನಂತ ಚತುರ್ದಶಿ ಸೆಪ್ಟೆಂಬರ್ 17, ಈದ್-ಎ-ಮಿಲಾದ್ ಸೆಪ್ಟೆಂಬರ್ 16.
2025: ಅನಂತ ಚತುರ್ದಶಿ ಸೆಪ್ಟೆಂಬರ್ 6, ಈದ್-ಎ-ಮಿಲಾದ್ ಸೆಪ್ಟೆಂಬರ್ 5.

2023ರಲ್ಲಿ ಅಧಿಕ ಶ್ರಾವಣ ಬಂತು. ಅದರಿಂದ ಗಣಪತಿ 19 ದಿನ ಮುಂದಕ್ಕೆ ಹೋದ. ಈದ್ ತನ್ನ ರೂಢಿಯಂತೆ 11 ದಿನ ಹಿಂದಕ್ಕೆ ಬಂತು. 19 ಮತ್ತು 11 ಕೂಡಿದರೆ 30. ತಿಂಗಳ ಅಂತರ ಸೊನ್ನೆಯಾಯಿತು. ಮುಂದಿನ ಎರಡು ವರ್ಷ ಅಧಿಕ ಮಾಸ ಇಲ್ಲದ್ದರಿಂದ ಎರಡೂ ಹಬ್ಬಗಳು ಜೊತೆಯಾಗಿಯೇ ಹಿಂದೆ ಸರಿದವು. 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಗಣಪತಿ ಮತ್ತೆ ಮುಂದಕ್ಕೆ, ಈದ್ ಹಿಂದಕ್ಕೆ, ಇಬ್ಬರ ದಾರಿ ಬೇರೆ. ಹೀಗೆ ಎರಡು-ಮೂರು ವರ್ಷ ಜೊತೆ, ಆಮೇಲೆ ಅಗಲಿಕೆ, ಇದೇ ಇದರ ಕ್ರಮ. 2015ರಿಂದ 2017ರವರೆಗೆ ದಸರಾ ಮತ್ತು ಮೊಹರಂ ಒಂದೆರಡು ದಿನಗಳ ಅಂತರದಲ್ಲಿ ಬಂದದ್ದೂ ಹೀಗೆಯೇ. 2022ರ ಮೇ 3ರಂದು ಬಸವ ಜಯಂತಿಯೂ ರಂಜಾನ್ ಹಬ್ಬವೂ ಕೂಡಿ ಬಂದು ಕರ್ನಾಟಕದ ಸರ್ಕಾರಿ ನೌಕರರಿಗೆ ಒಂದು ರಜೆ ನಷ್ಟವಾಯಿತು.

ಇನ್ನೊಂದು ಪ್ರಶ್ನೆ. ನಮ್ಮದು ಚತುರ್ದಶಿ, ಅಂದರೆ ಹದಿನಾಲ್ಕನೆಯದು. ಅವರದು ರಬಿ-ಉಲ್-ಅವ್ವಲ್ ತಿಂಗಳ 12ನೆಯ ದಿನ. ಸರಿಹೊಂದುವುದು ಹೇಗೆ? ನಮ್ಮ ಪಾಡ್ಯ ಅಮಾವಾಸ್ಯೆ ಮುಗಿದ ಕ್ಷಣದಿಂದ ಶುರು. ಅವರ ತಿಂಗಳು ಎಳೆಯ ಚಂದ್ರ ಕಣ್ಣಿಗೆ ಬಿದ್ದ ಸಂಜೆಯಿಂದ ಶುರು. ಚಂದ್ರ ಕಾಣಲು ಒಂದೆರಡು ದಿನ ಬೇಕು. ಆದ್ದರಿಂದ ಅವರ ಒಂದನೆಯ ದಿನ ನಮ್ಮ ಬಿದಿಗೆ ಅಥವಾ ತದಿಗೆಯ ಹತ್ತಿರ, ಅವರ ಹನ್ನೆರಡು ನಮ್ಮ ತ್ರಯೋದಶಿ-ಚತುರ್ದಶಿಯ ಹತ್ತಿರ. ನೋಡುವ ಚಂದ್ರ ಮಾತ್ರ ಒಂದೇ. ಊರಲ್ಲಿ ಅಜ್ಜಿಗೆ ಇದನ್ನು ಹೇಳಿದರೆ ಅವಳಿಗೇನೂ ಆಶ್ಚರ್ಯ ಆಗಲಿಲ್ಲ. ನಮ್ಮ ಹಳ್ಳಿಯಲ್ಲಿ ಮೊಹರಂ ಅಂದರೆ ಅಲಾಯಿ ದೇವರು, ರಿವಾಯತ್ ಪದ ಹಾಡುವವರಲ್ಲಿ ಅರ್ಧ ಜನ ಹಿಂದೂಗಳೇ.

ಹಳ್ಳಿಯಲ್ಲಿ ರಸ್ತೆ ಖಾಲಿ ಇರುತ್ತದೆ, ಮುಂಬಯಿಯ ಮಾತು ಹಾಗಲ್ಲ. ಈದ್-ಎ-ಮಿಲಾದಿನ ದೊಡ್ಡ ಮೆರವಣಿಗೆ ಹೊರಡುವುದು ಭಾಯಖಳಾದ ಖಿಲಾಫತ್ ಹೌಸಿನಿಂದ. ಲಾಲಬಾಗಿನ ರಾಜಾ ಗಿರಗಾಂವ್ ಚೌಪಾಟಿಗೆ ಹೋಗುವುದೂ ಭಾಯಖಳಾದ ಮೇಲೆಯೇ. ಎರಡೂ ಕಡೆ ಲಕ್ಷಗಟ್ಟಲೆ ಜನ. ಪೊಲೀಸರು ಅಷ್ಟೇ, ರಸ್ತೆ ಅದೇ.

ಅಪ್ಪನ ಚಿಂತೆ ಇಷ್ಟು ದೊಡ್ಡದಾಗಿರಲಿಲ್ಲ. ಯಾರ ಮುಂಗಡ ವಾಪಸು ಕೊಡುವುದು ಎಂಬುದಷ್ಟೇ. ಚಾಚಾನಿಗೆ ಇಲ್ಲ ಅಂದರೆ ನೆರೆಯವನಿಗೆ ಕೈಕೊಟ್ಟ ಹಾಗೆ. ಮಂಡಳಕ್ಕೆ ಇಲ್ಲ ಅಂದರೆ ವರ್ಷದ ಬಾಡಿಗೆ ಶಾಶ್ವತವಾಗಿ ಹೋದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಯಾರಿಗೆ ಇಲ್ಲ ಅಂದರೂ ಅದಕ್ಕೆ ಜನ ಬೇರೆಯೇ ಅರ್ಥ ಹಚ್ಚುತ್ತಾರೆ ಅನ್ನುವ ಭಯ. ಗಾಡಿಯ ಕಂತು ಬೇರೆ ಬಾಕಿ ಇತ್ತು.

ಕೊನೆಗೆ ಆದದ್ದು ಎಲ್ಲರಿಗೂ ಗೊತ್ತು. ಮುಂಬಯಿಯ ಮುಸ್ಲಿಂ ಮುಖಂಡರು ಕೂಡಿ, ವಿಸರ್ಜನೆಗೆ ದಾರಿ ಬಿಟ್ಟು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ, ಸೆಪ್ಟೆಂಬರ್ 29ಕ್ಕೆ, ಇಟ್ಟುಕೊಂಡರು. ಮಹಾರಾಷ್ಟ್ರ ಸರ್ಕಾರ ರಜೆಯನ್ನೂ 29ಕ್ಕೆ ಬದಲಿಸಿತು. 2024ರಲ್ಲಿ ಮುಂಬಯಿಯ ರಜೆ ಸೆಪ್ಟೆಂಬರ್ 18ಕ್ಕೆ, 2025ರಲ್ಲಿ ಸೆಪ್ಟೆಂಬರ್ 8ಕ್ಕೆ ಹೋದದ್ದೂ ಇದೇ ಕಾರಣಕ್ಕೆ. ಚಾಚಾ ಸಂಜೆ ಬಂದು, "ನಿಮ್ಮ ಗಣಪ್ಪ ಮೊದಲ ಹೋಗಲಿ ತಮ್ಮಾ, ನಮ್ಮದು ಮರುದಿನ ಅದ" ಅಂದರು. ಅಪ್ಪ ಏನೂ ಮಾತಾಡಲಿಲ್ಲ, ಅವ್ವನಿಗೆ ಚಹಾ ಇಡು ಅಂದ.

28ರ ರಾತ್ರಿ ಗಾಡಿ ಚೌಪಾಟಿಯಿಂದ ವಾಪಸು ಬಂದಾಗ ಬೆಳಗಿನ ಮೂರೂವರೆ. ನಾನೂ ಜೊತೆಗಿದ್ದೆ. ಗುಲಾಲು ತೊಳೆಯಲು ಎಂಟು ಬಕೆಟ್ ನೀರು ಬೇಕಾಯಿತು. ಹಲಗೆಗಳ ಸಂದಿಯಲ್ಲಿ ಕೂತದ್ದು ಹೋಗಲೇ ಇಲ್ಲ. ಅದರ ಮೇಲೆಯೇ ಚಾಚಾನ ಹುಡುಗರು ಹಸಿರು ಪತಾಕೆ ಕಟ್ಟಿದರು.

ನನಗೆ ಅನ್ನಿಸುವುದಿಷ್ಟು. ಎರಡು ಹಬ್ಬ ಒಂದೇ ತಾರೀಖಿಗೆ ಬಂದರೆ ಅದು ಯಾರ ಹಟವೂ ಅಲ್ಲ, 354 ಮತ್ತು 365ರ ನಡುವಿನ ವ್ಯತ್ಯಾಸ. ಆದರೆ ಆ ದಿನವನ್ನು ಹಂಚಿಕೊಳ್ಳುವುದು ಪಂಚಾಂಗದ ಕೆಲಸ ಅಲ್ಲ. ಅದಕ್ಕೆ ಯಾರಾದರೂ ಒಂದು ದಿನ ಹಿಂದೆ ನಿಲ್ಲಬೇಕು, ಹಾಗೆ ನಿಂತವರನ್ನು ನಾವು ನೆನಪಿಡಬೇಕು. ಮೂರು ವರ್ಷವೂ ಒಂದೇ ಕಡೆಯವರು ದಾರಿ ಬಿಟ್ಟರು ಎಂಬುದನ್ನೂ ಜಮಾ ಕಡೆಗೆ ಬರೆದುಕೊಳ್ಳಬೇಕು.

ಸಂಘದ ಮಿತ್ರರಲ್ಲಿ ಖಜಾಂಚಿಯ ಒಂದು ವಿನಂತಿ. ಇನ್ನು ಮೇಲೆ ಕಾರ್ಯಕ್ರಮದ ತಾರೀಖು ಗೊತ್ತು ಮಾಡುವ ಮುಂಚೆ ಗೋಡೆಯ ಮೇಲಿನ ಕಾಲನಿರ್ಣಯ ತಿರುವಿ ನೋಡೋಣ. ಆ ದಿನ ಇನ್ನೊಬ್ಬರ ಹಬ್ಬ ಇದ್ದರೆ ಮುಂದಿನ ಭಾನುವಾರಕ್ಕೆ ಹಾಕೋಣ, ಕನ್ನಡ ತಾಯಿ ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು. ವಡೆಯ ಬಾಕಿ ನೂರಾ ನಲವತ್ತು ರೂಪಾಯಿ ಇನ್ನೂ ಹಾಗೆಯೇ ಇದೆ.