ನಿಲಂಗಾದ ಪೇಟಿ, ಅಂಗಡಿಯ ಕ್ಯಾಸಿಯೋ

ಮಹಾರಾಷ್ಟ್ರದ ಗಡಿಭಾಗದ ನಿಲಂಗಾ, ಉದಗೀರ, ಉಮರ್ಗಾ ಸೀಮೆಯಲ್ಲಿ ಮನೆಮಾತು ಕನ್ನಡವಿರಲಿ, ಮರಾಠಿ ಇರಲಿ, ಹಾರ್ಮೋನಿಯಂ ಎಂದರೆ ಪೇಟಿ. ವಾರಕರಿಗಳ ಅಭಂಗಕ್ಕೂ ಲಿಂಗಾಯತರ ವಚನ ಭಜನೆಗೂ ಅದೇ ಆಸರೆ. ಅಂಗಡಿಯಲ್ಲಿ ಮಾತ್ರ ಈಗ ಕೀಬೋರ್ಡಿನದೇ ದರಬಾರು. ಯಮಾಹಾ ಕೊಟ್ಟರೂ ರೋಲ್ಯಾಂಡ್ ಕೊಟ್ಟರೂ ಜನರ ಬಾಯಲ್ಲಿ ಅದು 'ಕ್ಯಾಸಿಯೋ'.

ಪೇಟಿಯೂ ಪರದೇಶದ್ದೇ. 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿತು. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಒತ್ತುತ್ತಾ ನುಡಿಸುವ ರೂಪವನ್ನು 1875ರಲ್ಲಿ ಕೊಟ್ಟವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಇನ್ನು ಕಾಲಲ್ಲಿ ತುಳಿದು ನುಡಿಸುವ ಆರ್ಗನ್ನಿನ ಕಥೆ ಇನ್ನೂ ಸೊಗಸು. ಅದು ಅಮೆರಿಕದ ಗೃಹಸ್ಥರ ಪಡಸಾಲೆಯ ವಾದ್ಯವಾಗಿತ್ತು. ಅಲ್ಲಿ ಅದನ್ನು ಕೇಳುವವರು ಕಡಿಮೆಯಾಗಿ, ಆರ್ಗನ್ ತಯಾರಿಸುತ್ತಿದ್ದ ಹೆಸರಾಂತ ಎಸ್ಟೆ ಕಂಪನಿ 1960ರಲ್ಲಿ ಬಾಗಿಲು ಹಾಕಿತು. ಇತ್ತ ಮರಾಠಿ ಸಂಗೀತ ನಾಟಕಕ್ಕೆ ಮಾತ್ರ ಆರ್ಗನ್ ಇಲ್ಲದೆ ರಂಗೇರದು. ಗಾಯಕ-ನಟ ಬಾಲಗಂಧರ್ವರ ಕಾಲದಿಂದ ಹಾಗೇ ನಡೆದುಬಂದಿದೆ. ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲೂ ಈ ಕಾಲುಪೇಟಿಯದೇ ಯಜಮಾನಿಕೆ ಇತ್ತು. ನಟನ ಶ್ರುತಿ ಜಾರಿದರೆ ಕಾಯುತ್ತಿದ್ದವರು ಪೇಟಿ ಮಾಸ್ತರರು.

ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಹಾಕಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು, ಶ್ರುತಿ ನಮ್ಮದಲ್ಲ ಎಂಬುದು ಆಕ್ಷೇಪ. 1971ರಲ್ಲಿ ನಿರ್ಬಂಧ ಸಡಿಲವಾಯಿತು. ಬೆಳಗಾವಿಯ ಆರ್.ಕೆ. ಬಿಜಾಪುರೆ, ಜಾಲನಾ ಕಡೆಯ ಅಪ್ಪಾ ಜಳಗಾಂವಕರರಂಥ ವಾದಕರು ಆ ವರ್ಷಗಳಲ್ಲೂ ಪೇಟಿಯ ಕೈಬಿಡಲಿಲ್ಲ. ಅದೇ ದೂರನ್ನು ಇಂದಿನ ಕೀಬೋರ್ಡಿನ ಮೇಲೂ ಹೊರಿಸಬಹುದು. ಯಾರೂ ಹೊರಿಸುತ್ತಿಲ್ಲ, ನೋಡಿ!

ಕ್ಯಾಸಿಯೋ ತನ್ನ ಮೊದಲ ಕೀಬೋರ್ಡನ್ನು ಮಾರುಕಟ್ಟೆಗೆ ತಂದದ್ದು 1980ರಲ್ಲಿ. ಪೇಟಿಯಲ್ಲಿ ಗಾಳಿಗೆ ಹಿತ್ತಾಳೆಯ ನಾಲಗೆ ಕಂಪಿಸಿದರೆ ಸ್ವರ. ಇಂದಿನ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟ ನಾದ ಸ್ಪೀಕರಿನಿಂದ ಹೊರಬರುತ್ತದೆ. ಭಾರತಕ್ಕೆಂದೇ ಮಾಡಿದ ಮಾದರಿಗಳಲ್ಲಿ ತಬಲಾ, ಸಿತಾರ್ ಎಲ್ಲ ಸಿಗುತ್ತವೆ. ಯಮಾಹಾ ಚೆನ್ನೈಯಲ್ಲೇ ಕಾರ್ಖಾನೆ ತೆರೆದಿದೆ. ಹಾಡುವವರು ಶ್ರುತಿ ಬದಲಿಸಿ ಕಪ್ಪು ಎರಡರಿಂದ ಬಿಳಿ ನಾಲ್ಕಕ್ಕೆ ಹಾರಿದರೆ ಒಂದು ಗುಂಡಿ ಒತ್ತಿದರಾಯಿತು, ಬೆರಳಿನ ಮನೆ ಬದಲಿಸಬೇಕಿಲ್ಲ. ಮದುವೆಯ ಆರ್ಕೆಸ್ಟ್ರಾದವರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಕೀಬೋರ್ಡಿಗೆ ಮುಪ್ಪು ಬೇಗ. ಹೊಸ ಮಾದರಿ ಬಂದ ಕೂಡಲೇ ಹಳೆಯದರ ಬೆಲೆ ಬೀಳುತ್ತದೆ, ಒಳಗಿನ ಬೋರ್ಡು ಸುಟ್ಟರೆ ಬಿಡಿಭಾಗಕ್ಕೆ ಅಲೆಯಬೇಕು. ಪೇಟಿಯ ತಿದಿ ಹರಿದರೆ ಅಂಟಿಸಬಹುದು, ರೀಡು ತಪ್ಪಿದರೆ ಕೆರೆದು ಶ್ರುತಿಗೆ ತರಬಹುದು. ಗುಜರಾತಿನ ಪಾಲಿತಾಣಾದ ಹಳೆಯ ರೀಡುಗಳಿಗೆ ಇಂದಿಗೂ ಬೇಡಿಕೆಯಿದೆ. ಕಷ್ಟವಿರುವುದು ರಿಪೇರಿ ಬಲ್ಲ ಕೈಗಳು ವಿರಳವಾಗುತ್ತಿರುವುದರಲ್ಲಿ.

ಮಗು ಸಿನಿಮಾ ಹಾಡು ನುಡಿಸಬೇಕೆಂದರೆ ಕ್ಯಾಸಿಯೋ ಕೊಡಿಸಿ, ತಪ್ಪೇನಿಲ್ಲ. ಹಾಡು ಕಲಿಯುತ್ತಿದ್ದರೆ ಪೇಟಿಯೇ ವಾಸಿ, ಕರೆಂಟು ಹೋದರೂ ಪಾಠ ನಿಲ್ಲದು. ಮಠದಲ್ಲೋ ಮನೆಯ ಅಟ್ಟದಲ್ಲೋ ಹಳೆಯ ಕಾಲುಪೇಟಿ ಧೂಳು ತಿನ್ನುತ್ತಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ಬಲ್ಲವರಿಗೆ ತೋರಿಸಿ.