ಗೃಹಶುಶ್ರೂಷೆಯೂ ವಿಮೆಯ ಹಣವೂ

ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆಂದರೆ ಆ ಮನೆಯ ದಿನಚರಿಯೇ ಬದಲಾಗುವುದೆಂಬುದು ನಮ್ಮ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯಾಗಲಿ, ಚಿಂತಾಮಣಿಯ ವರ್ತಕರ ಮನೆಯಾಗಲಿ, ಗೌರಿಬಿದನೂರಿನ ಒಕ್ಕಲಮನೆಯಾಗಲಿ, ರೋಗಿಯನ್ನು ಅಡಿಗಡಿಗೆ ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಕೊಂಡೊಯ್ಯುವುದು ಸುಲಭವಲ್ಲ. ಆದುದರಿಂದ ಪರಿಚಯದ ವೈದ್ಯರು ಬಂದು ನೋಡುತ್ತಾರೆ. ದಾದಿಯು ಔಷಧ ಕೊಡುತ್ತಾಳೆ. ರಾತ್ರಿ ಜ್ವರವೇರಿದರೆ ವೈದ್ಯರು ದೂರವಾಣಿಯಲ್ಲಿಯೇ ಔಷಧದ ಪ್ರಮಾಣವನ್ನು ತಿದ್ದುತ್ತಾರೆ. ಈ ಮೇಲ್ವಿಚಾರಣೆಯೇ ರೋಗಿಗೆ ಕಾವಲು. ಆದರೆ ಬರಹದಲ್ಲಿ ನಿಲ್ಲದ ಈ ಶ್ರಮವು ವಿಮಾ ಸಂಸ್ಥೆಯ ಕಣ್ಣಿಗೆ ಬೀಳುವುದೇ ಇಲ್ಲ.

ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ವಿಮೆಯು 1995ರಿಂದ ಈ ಶ್ರಮಕ್ಕೆ ಪ್ರತ್ಯೇಕ ಸಂಭಾವನೆ ಕೊಡುತ್ತಲಿದೆ. ಗೃಹಶುಶ್ರೂಷೆಯಲ್ಲಿರುವ ರೋಗಿಯ ವರದಿಗಳನ್ನು ಪರಿಶೀಲಿಸುವುದು, ಇತರ ಶುಶ್ರೂಷಕರೊಡನೆ ಸಮಾಲೋಚಿಸುವುದು ಇವಕ್ಕೆ ಒಂದು ತಿಂಗಳಲ್ಲಿ 30 ನಿಮಿಷಗಳಾದರೂ ವ್ಯಯವಾಗಿರಬೇಕು. ಅದರ ದಾಖಲೆಯೂ ಇರಬೇಕು. ಮನೆಯವರೊಡನೆ ಆಡಿದ ಮಾತು ಈ ಲೆಕ್ಕಕ್ಕೆ ಸೇರದು!

ನಮ್ಮಲ್ಲಿ ಇಂತಹ ಮಾಸಿಕ ಸಂಭಾವನೆಯ ಪದ್ಧತಿ ಬಳಕೆಯಲ್ಲಿಲ್ಲ. ಆದರೂ ದಾರಿ ಸಂಪೂರ್ಣ ಮುಚ್ಚಿಲ್ಲ. 2020ರ ಜುಲೈಯಲ್ಲಿ ಹೊರಟ ಕೊರೋನಾ ಕವಚ್ ವಿಮೆಯು ಮನೆಯ ಚಿಕಿತ್ಸೆಗೆ 14 ದಿನಗಳವರೆಗೆ ಹಣ ಕೊಡಲೊಪ್ಪಿತು. ವೈದ್ಯರೇ ಮನೆಯ ಚಿಕಿತ್ಸೆಯನ್ನು ವಿಧಿಸಿರಬೇಕು, ಪ್ರತಿದಿನವೂ ರೋಗಿಯ ಸ್ಥಿತಿಯನ್ನು ಗಮನಿಸಿರಬೇಕು, ದಿನದಿನದ ಚಿಕಿತ್ಸೆಯ ಪಟ್ಟಿಗೆ ಅವರ ರುಜುವಿರಬೇಕು ಎಂಬುವು ಅದರ ನಿಬಂಧನೆಗಳು. ವೈದ್ಯರ ಶುಲ್ಕವೂ ದಾದಿಯ ವೆಚ್ಚವೂ ಅದರಲ್ಲಿ ಸೇರಿದ್ದುವು. ಆ ವ್ಯಾಧಿಯ ಅಬ್ಬರ ಅಡಗಿದ ಮೇಲೆಯೂ ಹಲವು ವಿಮಾಪತ್ರಗಳಲ್ಲಿ ಇದೇ ಬಗೆಯ ಷರತ್ತುಗಳು ಉಳಿದಿವೆ.

ಇದಲ್ಲದೆ, ಆಸ್ಪತ್ರೆಗೆ ಸಾಗಿಸಲಾಗದ ರೋಗಿಗೆ, ಅಥವಾ ಆಸ್ಪತ್ರೆಯಲ್ಲಿ ಸ್ಥಳ ದೊರೆಯದವನಿಗೆ, ಮನೆಯಲ್ಲೇ ಆದ ಚಿಕಿತ್ಸೆಯ ವೆಚ್ಚವನ್ನು ಕೊಡುವ ಕ್ರಮವೂ ಅನೇಕ ವಿಮೆಗಳಲ್ಲುಂಟು. ಚಿಕಿತ್ಸೆಯು 3 ದಿನಗಳನ್ನು ಮೀರಿರಬೇಕೆಂದೂ, ಮಧುಮೇಹ, ರಕ್ತದೊತ್ತಡ, ಉಬ್ಬಸ ಮೊದಲಾದುವು ಇದಕ್ಕೆ ಸಲ್ಲವೆಂದೂ ಸಾಮಾನ್ಯವಾಗಿ ಬರೆದಿರುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಾದರೋ ಮುಖ್ಯವಾಗಿ ಆಸ್ಪತ್ರೆ ಸೇರಿದವರಿಗಾಗಿ ಇರುವುದು. ವರ್ಷಗಟ್ಟಲೆ ಮಲಗಿರುವ ರೋಗಿಯ ಗೃಹಶುಶ್ರೂಷೆಗೆ ಅದನ್ನು ನೆಚ್ಚಲಾಗದು.

ಹಾಗಾದರೆ ಗೃಹಿಣಿಯು ಮಾಡತಕ್ಕದ್ದೇನು? ವಿಮಾಪತ್ರವನ್ನು ಆರೋಗ್ಯವಾಗಿರುವಾಗಲೇ ಓದಿಸಿ ಅರಿತುಕೊಳ್ಳಬೇಕು. ಮನೆಯಲ್ಲಿ ಚಿಕಿತ್ಸೆ ಆರಂಭಿಸುವ ಮುನ್ನವೇ ಸಂಸ್ಥೆಗೆ ತಿಳಿಸಿ, ಅನುಮತಿ ಬೇಕೇ ಎಂದು ವಿಚಾರಿಸಬೇಕು. ಮನೆಯ ಚಿಕಿತ್ಸೆ ಏಕೆ ಅಗತ್ಯವೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಒಂದು ಪುಸ್ತಕದಲ್ಲಿ ಜ್ವರ, ನಾಡಿ, ಔಷಧ, ವೇಳೆ ಇವನ್ನು ಗುರುತಿಸಿ, ವೈದ್ಯರು ಬಂದಾಗಲೆಲ್ಲ ರುಜು ಪಡೆಯಬೇಕು. ದೂರವಾಣಿಯ ಸಲಹೆಗೂ ಔಷಧಪತ್ರವನ್ನೂ ಶುಲ್ಕದ ರಸೀದಿಯನ್ನೂ ಕೇಳಲು ಸಂಕೋಚಪಡಬಾರದು. 2020ರ ಮಾರ್ಚಿಯ ದೂರವೈದ್ಯ ನಿಯಮಗಳೇ ಇದಕ್ಕೆ ಅವಕಾಶ ಕೊಟ್ಟಿವೆ. ಪರಿಚಯದ ವೈದ್ಯರೆಂಬ ದಾಕ್ಷಿಣ್ಯದಿಂದ ರಸೀದಿಯನ್ನು ಕೇಳದೆ ಬಿಟ್ಟರೆ ನಷ್ಟವು ಮನೆಗೇ ಹೊರತು ವಿಮಾ ಸಂಸ್ಥೆಗಲ್ಲ.

ಕೋರಿಕೆಯನ್ನು ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆದು, ಮೊದಲು ಸಂಸ್ಥೆಗೇ ದೂರು ಕೊಡಬೇಕು. ಒಂದು ತಿಂಗಳಲ್ಲಿ ಸಮಾಧಾನ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಬರೆದುಕೊಳ್ಳಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅಲ್ಲಿಯೂ ಮೊದಲು ಕೇಳುವುದು ಆ ಪುಸ್ತಕವನ್ನೇ.